ತಕ್ಕಡಿಗೆ ಬಿದ್ದ ತೂಬಿನ ಲೆಕ್ಕ

ಹಳೆಯ ಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದರು. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನಿಂದ ಕೂಗಳತೆಯ ದೂರ. ತೊಲೆ, ಜಂತೆ, ಬಾಗಿಲುವಾಡ ಒಂದು ಕಡೆ ಒಟ್ಟಿದ್ದರು. ಅಟ್ಟದಿಂದ ಇಳಿಸಿದ್ದೆಲ್ಲ ಇನ್ನೊಂದು ಕಡೆ. ಗುಜರಿಯವನು ಜಗಲಿಯ ಮೇಲೆ ತಕ್ಕಡಿ ಇಟ್ಟುಕೊಂಡು ವಿಂಗಡಿಸುತ್ತಿದ್ದ. ಹಿಂದೆಲ್ಲ ನಮ್ಮ ಕಡೆ ಕಾಗದಪತ್ರಕ್ಕೆ ಫೈಲು ಗೀಲು ಇರಲಿಲ್ಲ. ತುದಿ ಬಗ್ಗಿಸಿದ ಕಬ್ಬಿಣದ ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಅಂಥ ಒಂದು ತಂತಿ, ಮೊಳಕ್ಕಿಂತ ಉದ್ದದ್ದು, ತುಂಬ ಕಂದಾಯದ ರಸೀದಿಗಳು. ಅವನು ತಂತಿಯನ್ನು ಒಂದೇ ಎಳೆತಕ್ಕೆ ಕಿತ್ತು ಕಬ್ಬಿಣದ ರಾಶಿಗೆ ಎಸೆದ, ರಸೀದಿಗಳನ್ನು ಕಾಗದದ ಮೂಟೆಗೆ ತುರುಕಿದ. ಕಬ್ಬಿಣದ ರೇಟು ಬೇರೆ, ಕಾಗದದ ರೇಟು ಬೇರೆ. ನಾನು ಹತ್ತಿರ ಹೋಗುವಷ್ಟರಲ್ಲಿ ಮೂಟೆ ಆಟೋ ಏರಿತ್ತು.

ಉಳಿದ ರಾಶಿಯಲ್ಲಿ ಉದ್ದನೆಯದೊಂದು ಲೆಕ್ಕದ ಪುಸ್ತಕ ಕಣ್ಣಿಗೆ ಬಿತ್ತು. ಕೆಂಪು ಬಟ್ಟೆಯ ಬೆನ್ನು, ಗೆದ್ದಲು ತಿಂದ ಮೂಲೆಗಳು. ಒಳಗೆ ಪೆನ್ಸಿಲ್ಲಿನ ಮೋಡಿ ಕೈಬರಹ. ತೂಬು ಎತ್ತಿದ ದಿನ, ಮುಚ್ಚಿದ ದಿನ. ಎಷ್ಟು ಹಗಲು ಎಷ್ಟು ರಾತ್ರಿ ನೀರು ಹರಿಯಿತು. ಯಾವ ಸಲ ಮೇಲಿನ ಗದ್ದೆಗೆ ನೀರು ಏರಲಿಲ್ಲ. ಪಕ್ಕದಲ್ಲಿ ಕೊಳಗ, ಪಲ್ಲದ ಲೆಕ್ಕ. ‘ಅದ್ರಾಗೇನೈತೆ ಸಾರ್, ಬರೀ ಕಸ. ಬೇಕಾದ್ರೆ ತಗೊಂಡೋಗಿ’ ಎಂದರು ಮನೆಯವರು. ಗುಜರಿಯವನು ಬಿಡಲಿಲ್ಲ, ತೂಗಿಯೇ ಕೊಟ್ಟ. ದೊಡ್ಡ ನಿಧಿ ಸಿಕ್ಕಿದಂತೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಬಂದ ಮೇಲೆ ಗೊತ್ತಾಯಿತು ನಾನು ಮಾಡಿದ ತಪ್ಪು. ಪುಸ್ತಕದಲ್ಲಿ ‘ಕೆರೆ’ ಎಂದಿದೆ, ಯಾವ ಕೆರೆ ಎಂದಿಲ್ಲ. ‘ದೊಡ್ಡೋರು ಬಂದು ನೋಡಿದರು’ ಎಂದಿದೆ, ಯಾರು ಆ ದೊಡ್ಡೋರು ಎಂದಿಲ್ಲ. ಬರೆದವರಿಗೆ ಅದೆಲ್ಲ ಬೇಕಿರಲಿಲ್ಲ, ಅವರಿಗೆ ಗೊತ್ತಿತ್ತಲ್ಲ. ನಾನು ಕೇಳಬೇಕಿತ್ತು: ಇದು ಯಾರ ಕೈಬರಹ, ಈ ಮನೆಗೆ ಹೇಗೆ ಬಂತು, ಗದ್ದೆ ಎಲ್ಲಿತ್ತು. ಕೇಳಲಿಲ್ಲ. ಮೂರು ವಾರ ಬಿಟ್ಟು ಹೋದರೆ ಅಲ್ಲಿ ಪಿಲ್ಲರ್ ಎದ್ದಿತ್ತು, ಮನೆಯವರು ಬೇರೆ ಕಡೆ ಬಾಡಿಗೆಗೆ ಹೋಗಿದ್ದರು. ಹೆಸರಿದ್ದ ಕಾಗದವೆಂದರೆ ಆ ತಂತಿಯ ರಸೀದಿಗಳು, ಅವು ಅಷ್ಟು ಹೊತ್ತಿಗೆ ಕಾಗದದ ಗಿರಣಿಯಲ್ಲಿ ತಿರುಳಾಗಿದ್ದವು. ಯಾವ ಕೆರೆಯದೋ ತಿಳಿಯದ ನೀರಿನ ಲೆಕ್ಕ ಈಗ ನನ್ನ ಕಪಾಟಿನಲ್ಲಿದೆ.

ಊರಿನ ಚರಿತ್ರೆ ಉಳಿಸಬೇಕು ಎಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಮಾತು ಕಟ್ಟಡದ್ದು. ಒಂದು ವಸ್ತುಸಂಗ್ರಹಾಲಯ ಆಗಲಿ, ಪುರಸಭೆ ಜಾಗ ಕೊಡಲಿ, ಗಾಜಿನ ಪೆಟ್ಟಿಗೆ ಬರಲಿ. ನನ್ನ ವಾದ ಬೇರೆ. ಚಿಕ್ಕಬಾಣಾವರದಂಥ ಊರಿಗೆ ಒಂದು ಇತಿಹಾಸ ಕೂಟ ಖಂಡಿತ ಬೇಕು. ಆದರೆ ಅದರ ಮೊದಲ ಆಸ್ತಿ ರೂಲು ಹಾಕಿದ ಒಂದು ದಪ್ಪ ಪುಸ್ತಕವಾಗಿರಬೇಕು. ವಸ್ತು ಏನು, ಎಲ್ಲಿತ್ತು, ಯಾರಲ್ಲಿತ್ತು, ಅದರ ಬಗ್ಗೆ ಯಾರು ಏನು ಹೇಳಿದರು, ಯಾವ ದಿನ ಹೇಳಿದರು. ಗ್ರಂಥಾಲಯದವರು ಪರಿಗ್ರಹಣ ಪುಸ್ತಕ ಎನ್ನುವುದು ಇದಕ್ಕೇ. ವಸ್ತು ಇದ್ದಲ್ಲೇ ಇರಲಿ, ಸಾಧ್ಯವಿದ್ದಷ್ಟು ಕಾಲ ಇದ್ದ ಮನೆಯಲ್ಲೇ ಇರಲಿ. ಕೂಟದ ಕೈಯಲ್ಲಿ ಇರಬೇಕಾದದ್ದು ಅದರ ವಿಳಾಸ ಮತ್ತು ಜಾತಕ.

ಈ ಊರಲ್ಲಿ ಉಳಿಸುವಂಥದ್ದು ಏನಿದೆ ಎಂದು ಹುಬ್ಬೇರಿಸುವವರು ಇದ್ದಾರೆ. ಕೋಟೆ ಇಲ್ಲ, ಅರಮನೆ ಇಲ್ಲ, ಪ್ರವಾಸಿಗರು ಬರುವ ಗುಡಿ ಇಲ್ಲ. ಬೆಂಗಳೂರಿನವರಿಗೆ ಇದು ಹೆಸರಘಟ್ಟಕ್ಕೆ ಹೋಗುವ ದಾರಿ, ಕಾಲೇಜು ಹುಡುಗರಿಗೆ ಪೀಜಿ ಸಿಗುವ ಜಾಗ. ಆದರೆ ನಮ್ಮ ಹಳಿಗಳನ್ನೇ ನೋಡಿ. ಬೆಂಗಳೂರು–ತುಮಕೂರು ಮೀಟರ್ ಗೇಜ್ ಹಾದಿ 1884ರಷ್ಟು ಹಳೆಯದು. ಅದೇ ಮುಂದೆ ಹರಿಹರದ ಕಡೆ ಬೆಳೆಯಿತು, 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. 2017ರಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಗಾಡಿಗಳು ಇಲ್ಲೇ ಕವಲೊಡೆಯುತ್ತವೆ. ಈಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ ಸುಮಾರು 25 ಕಿಲೋಮೀಟರಿನ ಉಪನಗರ ರೈಲು, ‘ಮಲ್ಲಿಗೆ’ ಎಂಬ ಹೆಸರಿನದು, 2022ರಲ್ಲಿ ಶಂಕುಸ್ಥಾಪನೆಯಾಗಿ ಕಾಮಗಾರಿ ನಡೆದಿದೆ. ಮೂರು ಪೀಳಿಗೆಯ ರೈಲು ಒಂದೇ ಊರಿನ ಮೈಮೇಲೆ. ಮೀಟರ್ ಗೇಜಿನ ಕಾಲದಲ್ಲಿ ಹಳಿ ಕಾಯ್ದ ಗ್ಯಾಂಗ್‌ಮನ್‌ಗಳ ಮಾತನ್ನು ಯಾರಾದರೂ ಕೂತು ಕೇಳಿ ಬರೆದುಕೊಳ್ಳಬೇಕಾದ ಕಾಲ ಇದೇ, ಅವರ ಪೈಕಿ ಇರುವವರಿಗೆಲ್ಲ ಈಗ ವಯಸ್ಸಾಗಿದೆ.

ನೀರಿನ ಕಥೆ ಇದಕ್ಕಿಂತ ದೊಡ್ಡದು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಕೊಡಲು ಅರ್ಕಾವತಿಯ ಮೇಲಿನ ಹೆಸರಘಟ್ಟ ಕೆರೆಯನ್ನು ಸಜ್ಜುಗೊಳಿಸಿದರು. ಕೆರೆಯಿಂದ ನೀರು ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿ ಹಾದು ಸೋಲದೇವನಹಳ್ಳಿಗೆ ತಾನಾಗಿಯೇ ಹರಿದು ಬರುತ್ತಿತ್ತು. ಅಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಚಿಮಣಿ ಗುಡ್ಡಕ್ಕೆ ಎತ್ತುತ್ತಿದ್ದವು. ಗುಡ್ಡದಿಂದ ಮತ್ತೆ ಇಳಿಜಾರಿನಲ್ಲಿ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರಿನ ಕಡೆಗೆ. ಅಂದರೆ ಬೆಂಗಳೂರು ಪೇಟೆ ಮೊದಲ ಸಲ ನಲ್ಲಿ ತಿರುಗಿಸಿ ನೀರು ಕುಡಿದದ್ದು ನಮ್ಮ ಪಕ್ಕದ ಊರಿನ ಪಂಪಿನಿಂದ. ಇವತ್ತು ‘ಚಿಮಣಿ ಹಿಲ್ಸ್’ ಒಂದು ಬಡಾವಣೆಯ ಹೆಸರು. ಅಲ್ಲಿ ಮನೆ ಕಟ್ಟಿದವರು ಟ್ಯಾಂಕರ್ ಬರಲಿಲ್ಲವೆಂದು ಫೋನು ಮಾಡುತ್ತಾ ಕೂರುತ್ತಾರೆ. ಊರಿಗೆಲ್ಲ ನೀರು ಕಳಿಸಿದ ಗುಡ್ಡಕ್ಕೆ ಟ್ಯಾಂಕರ್! ಇದು ಹೇಗಾಯಿತು ಎಂದು ಒಬ್ಬ ಹೈಸ್ಕೂಲು ಹುಡುಗಿ ಕೇಳಿದರೆ ತೋರಿಸಲು ಊರಲ್ಲಿ ಒಂದು ಹಾಳೆ ಇರಬೇಕೋ ಬೇಡವೋ?

ಸ್ಥಳ ಬರೆದಿಡುವುದರ ಬೆಲೆ ಏನೆಂದು ತಿಳಿಯಲು ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಕೆಲಸ ನೋಡಬೇಕು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಯದು 9ನೆಯದು, 1905ರಲ್ಲಿ ಬಂತು. ಶಾಸನದ ಪಾಠ, ಅನುವಾದ ಎಲ್ಲ ಇದೆ, ಸರಿ. ನನಗೆ ಮೆಚ್ಚುಗೆಯಾಗುವುದು ಅದರ ತಲೆಬರಹದ ಒಂದೊಂದು ಸಾಲು: ಯಾವ ತಾಲ್ಲೂಕು, ಎಷ್ಟನೆಯ ನಂಬರು, ಯಾವ ಊರು, ಊರಲ್ಲಿ ಎಲ್ಲಿ. ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಇಂಥ ಹೊಲದಲ್ಲಿ ಬಿದ್ದ ಕಲ್ಲು. ನೂರು ವರ್ಷ ಕಳೆದು ಹೊಲ ಲೇಔಟಾಗಿ, ಏರಿ ರಸ್ತೆಯಾದ ಮೇಲೂ ಉತ್ಸಾಹಿಗಳು ಆ ಒಂದು ಸಾಲನ್ನು ಹಿಡಿದುಕೊಂಡು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕಿದರೆ ಸಿಕ್ಕಿತು, ಸಿಗದಿದ್ದರೆ ಒಂದು ಕಲ್ಲು ಇಲ್ಲಿತ್ತು, ಈಗಿಲ್ಲ ಎಂದಾದರೂ ಹೇಳಬಹುದು. ಬರೆದಿಡದೆ ಹೋದದ್ದಕ್ಕೆ ‘ಕಳೆದುಹೋಯಿತು’ ಎನ್ನುವ ಮಾತೂ ಸಲ್ಲುವುದಿಲ್ಲ.

ಬೇಗೂರಿನ ಎರಡು ಕಲ್ಲುಗಳ ಕಥೆ ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಒಂದು ಗಂಗರ ಎರೆಯಪ್ಪರಸನ ಕಾಲದ ದೊಡ್ಡ ವೀರಗಲ್ಲು. ತುಂಬೆಪಾಡಿಯ ಕಾಳಗದಲ್ಲಿ ಸತ್ತ ನಾಗತ್ತರನದು. ಆನೆ ಕುದುರೆಗಳ ಯುದ್ಧವನ್ನು ತುಂಬ ಚೆನ್ನಾಗಿ ಕೆತ್ತಿದ್ದಾರೆ. ಬೆಂಪೂರು–12 ಎಂಬ ನಾಡಿನ ಹಳ್ಳಿಗಳ ಹೆಸರುಗಳೂ ಅದರಲ್ಲಿವೆ. ಅದನ್ನು ಬಹಳ ಹಿಂದೆಯೇ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಇನ್ನೊಂದು ನೋಡಲು ಬಡಪಾಯಿ ಕಲ್ಲು, ಸುಮಾರು 890ರದ್ದು. ‘ಬೆಂಗಳೂರ ಕಾಳಗ’ದಲ್ಲಿ ಒಬ್ಬ ಸತ್ತನೆಂದು ಹೇಳುವುದು ಅದೇ. ಅದು ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲೇ ಉಳಿಯಿತು, ಬಹುಕಾಲ ಹೇಳುವವರು ಕೇಳುವವರು ಇಲ್ಲದೆ. ಮೊದಲನೆಯದಕ್ಕೆ ಮಳೆ ಬಿಸಿಲು ತಪ್ಪಿತು, ಆದರೆ ಬೇಗೂರಿನ ಮಕ್ಕಳಿಗೆ ಅದು ತಮ್ಮೂರಿನದೆಂಬ ಸುಳಿವೇ ತಪ್ಪಿಹೋಯಿತು. ಎರಡನೆಯದು ಊರಲ್ಲೇ ಇದ್ದೂ ಊರಿನದಾಗಿರಲಿಲ್ಲ, ಪೇಪರಿನಲ್ಲಿ ಮತ್ತೆ ಮತ್ತೆ ಬರೆದ ಮೇಲೆ ಜನ ನೋಡಲು ಹೋದರು. ಯಾವುದು ಸರಿ ಎಂದು ಯಾರಾದರೂ ಕೇಳಿದರೆ, ಕಲ್ಲು ಊರಲ್ಲೇ ಇರಲಿ, ಊರಿಗೆ ಅದನ್ನು ಓದಿ ಹೇಳುವ ನಾಲ್ಕು ಜನ ಇರಲಿ ಎನ್ನುತ್ತೇನೆ. ಕಲ್ಲನ್ನು ಸಾಗಿಸುವುದಕ್ಕಿಂತ ಈ ನಾಲ್ಕು ಜನರನ್ನು ತಯಾರು ಮಾಡುವುದು ಕಷ್ಟ. ಅದಕ್ಕೇ ನಾವು ಕಲ್ಲನ್ನು ಸಾಗಿಸುತ್ತೇವೆ.

ಆ ಬಡಪಾಯಿ ಕಲ್ಲು ಮಾಡಿದ ಇನ್ನೊಂದು ಉಪಕಾರವೂ ಇದೆ. ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಎಂದು ನಾವೆಲ್ಲ ಪ್ರೈಮರಿ ಶಾಲೆಯಲ್ಲಿ ಕಲಿತವರು. ವೀರಬಲ್ಲಾಳ ಪಟ್ಟಕ್ಕೆ ಬರುವ ಸುಮಾರು 300 ವರ್ಷ ಮೊದಲೇ ‘ಬೆಂಗಳೂರು’ ಇತ್ತೆಂದು ಕಲ್ಲು ಹೇಳುತ್ತದೆ. ಹಾಗೆಂದು ಮುದುಕಿಯ ಕಥೆಯನ್ನು ಕಸಕ್ಕೆ ಹಾಕಬೇಕಿಲ್ಲ. ಅದು ಕಥೆ ಎಂದು ಬರೆದು ಕಥೆಯ ಕಪಾಟಿನಲ್ಲಿ ಇಡಬೇಕು. ಚಿಕ್ಕಬಾಣಾವರದ ಹೆಸರಿಗೂ ಅಷ್ಟೆ. ಅರಸೀಕೆರೆ ದಾಟಿದರೆ ಇದೇ ರೈಲುಹಾದಿಯಲ್ಲಿ ಬಾಣಾವರ ಎಂಬ ಇನ್ನೊಂದು ಸ್ಟೇಷನ್ನು ಬರುತ್ತದೆ. ಅದು ದೊಡ್ಡದು ಇದು ಚಿಕ್ಕದು ಎನ್ನುವವರು, ಬಾಣಾಸುರನನ್ನೇ ಕರೆತರುವವರು, ಕಟ್ಟೆಯ ಮೇಲೆ ಕೂತರೆ ಎಲ್ಲರೂ ಸಿಕ್ಕಾರು. ಕೂಟದ ಕೆಲಸ ತೀರ್ಪು ಕೊಡುವುದಲ್ಲ. ಯಾರು ಹೇಳಿದರು, ಅವರು ಯಾರಿಂದ ಕೇಳಿದ್ದರು ಎಂದು ದಾಖಲಿಸುವುದು. ಕಲ್ಲು ಏನಾದರೂ ಸಿಕ್ಕಿದ ದಿನ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಉತ್ತರ ಬೆಂಗಳೂರಿನಲ್ಲಿ ಕಲ್ಲು ಸಿಗುವುದು ಪವಾಡವೇನಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಕಿತ್ತಯ್ಯನ ವೀರಗಲ್ಲು ಎದ್ದು ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750. ‘ಪೆರ್ಬೊಳಲ್‌ನಾಡು 30’ ಎಂಬ ಮಾತಿದೆ, ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಫ್ಲೈಓವರಿನಿಂದ ಹೆಸರಾದ ಜಾಗಕ್ಕೆ ಹನ್ನೆರಡು ಶತಮಾನಗಳಿಗೂ ಮಿಕ್ಕ ಆಯುಸ್ಸು ಒಂದು ಮಧ್ಯಾಹ್ನಕ್ಕೆ ಕೂಡಿಕೊಂಡಿತು. ಆಮೇಲೆ ಊರಿನವರೂ ನಗರದ ಆಸಕ್ತರೂ ಕೈಜೋಡಿಸಿ ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪ ಕಟ್ಟಿದರು. ಬೇಗೂರಿನ ಮೊದಲ ಕಲ್ಲಿಗೆ ಸಿಗದ ಭಾಗ್ಯ ಇದು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಪಿ.ಎಲ್. ಉದಯಕುಮಾರ್ ಅವರ ಮುಂದಾಳತ್ವದಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಬೆಳಕಿನ ಕೋನ ಬದಲಿಸಿದರೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಕಲ್ಲು ನಾಳೆ ಜೆಸಿಬಿ ಬಾಯಿಗೆ ಸಿಕ್ಕರೂ ಅಕ್ಷರ ಉಳಿದಿರುತ್ತದೆ.

ಇಷ್ಟೆಲ್ಲ ಆಗುತ್ತಿರುವಾಗ ಊರಿಗೊಂದು ಕೂಟ ಯಾಕೆ ಎಂದು ಕೇಳಬಹುದು. ಸ್ಕ್ಯಾನರಿಗೆ ಕಲ್ಲಿನ ಮೇಲಿನ ಎಣ್ಣೆ ಅಡ್ಡಿ, ಕೂಟಕ್ಕೆ ಅದೇ ಸಾಮಗ್ರಿ. ವೀರಗಲ್ಲಿಗೆ ಅರಿಸಿನ ಬಳಿದು ದೀಪ ಹಚ್ಚುವ ಹೆಂಗಸಿಗೆ ಗಂಗರೂ ಗೊತ್ತಿಲ್ಲ, ಶ್ರೀಪುರುಷನೂ ಗೊತ್ತಿಲ್ಲ. ಅವರ ಅತ್ತೆ ಹಚ್ಚುತ್ತಿದ್ದರು, ಇವರು ಹಚ್ಚುತ್ತಾರೆ. ಆ ಕಲ್ಲು ಇಷ್ಟು ವರ್ಷ ಚಪ್ಪಡಿಯಾಗದೆ, ಮೋರಿಯ ಮೇಲೆ ಹಾಸಲಾಗದೆ ಉಳಿದದ್ದೇ ಆ ಅರಿಸಿನದಿಂದ. ಜೀರ್ಣೋದ್ಧಾರದ ಹೆಸರಲ್ಲಿ ಗುಡಿಗೆ ಟೈಲ್ಸು ಹಾಕಿಸಿ, ಕಲ್ಲಿಗೆ ಎನಾಮೆಲ್ ಪೇಂಟು ಹೊಡೆಸಿದ ಕಮಿಟಿಯವರಿಗಿಂತ ಆಕೆ ಎಷ್ಟೋ ಒಳ್ಳೆಯ ರಕ್ಷಕಿ. ನಗರದಿಂದ ಕ್ಯಾಮೆರಾ ತಂದವರು ಪಾಠ ಓದಿಕೊಂಡು ಹೋಗುತ್ತಾರೆ. ಆಕೆಯ ಜತೆ ಮಾತಾಡಲು ಪಕ್ಕದ ಬೀದಿಯವರೇ ಬೇಕು, ಅದೂ ಒಂದು ಸಲಕ್ಕೆ ಆಗುವ ಮಾತಲ್ಲ.

ಕಾಗದದ ಕಡೆ ಬಂದರೆ ನಮ್ಮ ಪರಿಸ್ಥಿತಿ ಕಲ್ಲಿಗಿಂತ ಕೆಟ್ಟದ್ದು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ ಹಳ್ಳಿಹಳ್ಳಿಗೆ ಜನರನ್ನು ಕಳಿಸಿ ಕೈಫಿಯತ್ತು ಬರೆಸಿದ. ಊರು ಹೇಗೆ ಹುಟ್ಟಿತು, ಯಾರು ಆಳಿದರು, ಏನು ಬೆಳೆಯುತ್ತದೆ ಎಂದು ಊರಿನವರ ಬಾಯಿಂದಲೇ ಪಡೆದ ವಿವರ ಅದು. ಅವನ ಸಂಗ್ರಹ ಹಂಚಿಹೋಗಿ ಒಂದು ಪಾಲು ಲಂಡನ್ನಿನಲ್ಲಿ ಕೂತಿತು, ದೇಶೀ ಭಾಷೆಗಳ ದೊಡ್ಡ ಪಾಲು ಮದರಾಸಿನಲ್ಲಿ. ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಬರುವ ಹೊತ್ತಿಗೆ 1994 ಆಗಿತ್ತು. ಹಳ್ಳಿಯವನು ಆಡಿದ ಮಾತು ಹಳ್ಳಿಗೆ ವಾಪಸು ಬರಲು ಸುಮಾರು 200 ವರ್ಷ ಹಿಡಿಯಿತು.

ಮೆಕೆಂಜಿಯ ಜನಕ್ಕೆ ಮಾಹಿತಿ ಕೊಟ್ಟವರಲ್ಲಿ ಶಾನುಭೋಗರು ಮುಖ್ಯರು. ಅವರ ಕೈಯಲ್ಲಿ ಕಡತ ಇರುತ್ತಿತ್ತು. ಬಟ್ಟೆಗೆ ಹುಣಿಸೆ ಬೀಜದ ಅಂಬಲಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕಪ್ಪು ಪುಸ್ತಕ. ಬಳಪದಿಂದ ಬರೆಯುವುದು, ಬೇಡವೆಂದರೆ ಒರೆಸುವುದು. ಹುಣಿಸೆ ಅಂಬಲಿಯ ಆ ಬಟ್ಟೆ ಇಲಿಗೂ ಹುಳುವಿಗೂ ಇಷ್ಟ. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಎಲ್ಲ ಮುಗಿಯಿತು. ಮುಗಿಯಬೇಕಾದದ್ದೇ, ಅದರ ಬಗ್ಗೆ ನನಗೆ ಯಾವ ವ್ಯಾಮೋಹವೂ ಇಲ್ಲ. ಆದರೆ ಸರ್ಕಾರಕ್ಕೆ ಬೇಕಾದ ಲೆಕ್ಕ ತಾಲ್ಲೂಕು ಕಚೇರಿಗೆ ಹೋಯಿತು, ಸರ್ಕಾರಕ್ಕೆ ಬೇಡವಾದದ್ದು ಅಟ್ಟ ಸೇರಿತು. ಆ ಅಟ್ಟಗಳೇ ಈಗ ಅಪಾರ್ಟ್‌ಮೆಂಟಿಗೆಂದು ಕೆಳಗಿಳಿಯುತ್ತಿವೆ. ನಾನು ನೋಡಿದ ತಕ್ಕಡಿ ಒಂದೇ. ದಾಸರಹಳ್ಳಿಯಿಂದ ಹೆಸರಘಟ್ಟದವರೆಗೆ ಎಷ್ಟು ತಕ್ಕಡಿ ತೂಗುತ್ತಿವೆಯೋ.

ಅಟ್ಟದ ಕಾಗದವೂ ಎಲ್ಲರದ್ದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಶಾಸನ ದಾನ ಕೊಟ್ಟವನದು, ಕಡತ ಕಂದಾಯ ಎತ್ತಿದವನದು. ಕೆರೆಗೆ ಕೊಡಗಿ ಭೂಮಿ ಬಿಟ್ಟವನ ಹೆಸರು ಕಲ್ಲಿನ ಮೇಲಿರುತ್ತದೆ, ಆ ಕೆರೆಯ ನೀರನ್ನು ದಿನವೂ ಹಂಚಿದ ನೀರುಗಂಟಿಯ ಹೆಸರು ಎಲ್ಲೂ ಇರುವುದಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು, ಕೋಡಿ ಬೀಳುವ ಮುಂಚೆ ಏನು ಮಾಡಬೇಕು, ಏರಿಯಲ್ಲಿ ಎಲ್ಲಿ ಜಿನುಗುತ್ತದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಬಹಳ ಊರುಗಳಲ್ಲಿ ಅವನು ದಲಿತ ಕೇರಿಯವನು. ಇತಿಹಾಸ ಕೂಟ ಅಟ್ಟಗಳನ್ನಷ್ಟೇ ಹತ್ತಿದರೆ ಊರಿನ ನಾಲ್ಕು ಮನೆಗಳ ವಂಶಾವಳಿ ತಯಾರಾಗುತ್ತದೆ, ಸನ್ಮಾನಕ್ಕೆ ಶಾಲು ತರಲು ಅನುಕೂಲ. ಅಟ್ಟವೇ ಇಲ್ಲದ ಮನೆಗಳಲ್ಲಿ ಇರುವುದು ಮಾತು. ಮಾತಿಗೂ ಪುಸ್ತಕದಲ್ಲಿ ಒಂದು ನಂಬರು, ಕಾಗದಕ್ಕಿರುವಷ್ಟೇ ಗೌರವ ಸಿಗಬೇಕು. ಸ್ವೀಡನ್ನಿನಲ್ಲಿ ಸ್ವೆನ್ ಲಿಂಡ್‌ಕ್ವಿಸ್ಟ್ 1978ರಲ್ಲಿ ಕಾರ್ಮಿಕರಿಗೆಂದು ಒಂದು ಪುಸ್ತಕ ಬರೆದ, ‘ನೀನು ನಿಂತಲ್ಲೇ ಅಗೆ’ ಎಂಬ ಅರ್ಥದ ಹೆಸರು. ಸಿಮೆಂಟ್ ಕಾರ್ಖಾನೆಯ ಚರಿತ್ರೆಯನ್ನು ಮಾಲೀಕರು ಬರೆಸುತ್ತಾರೆ. ಅಲ್ಲಿ ದುಡಿದವನಿಗೆ ಆ ಕೆಲಸ ಇನ್ನೂ ಚೆನ್ನಾಗಿ ಗೊತ್ತಿರುವಾಗ ಅವನೇ ಯಾಕೆ ಬರೆಯಬಾರದು ಎಂದು ಲಿಂಡ್‌ಕ್ವಿಸ್ಟನ ಪ್ರಶ್ನೆ. ಪೀಣ್ಯದ ಫ್ಯಾಕ್ಟರಿಗಳಿಗೆ ಶಿಫ್ಟಿನ ಮೇಲೆ ಹೋಗಿಬಂದವರು ನಮ್ಮಲ್ಲಿ ಬೀದಿಗೆ ನಾಲ್ವರಿದ್ದಾರೆ.

ಹೊಸಬರ ವಿಷಯವೂ ಹೀಗೆಯೇ. ರೆವಿನ್ಯೂ ಸೈಟು ಕೊಂಡು ಬಂದವರಿಗೆ ಊರಿನ ಚರಿತ್ರೆಯಲ್ಲಿ ಪಾಲಿಲ್ಲವೆಂದು ಹಳಬರು ಮೂಗು ಮುರಿಯುತ್ತಾರೆ. ಆದರೆ ಪಂಚಾಯಿತಿ ಪುರಸಭೆಯಾದ ಕಥೆ ಅವರದೇ. ಮೊದಲ ಸೈಟಿನ ಕ್ರಯಪತ್ರ, ಬೋರ್‌ವೆಲ್ ಕೊರೆಸಿದ ಬಿಲ್ಲು, ಅದರಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು ಎಂಬ ಅಂಕಿ. ಇಪ್ಪತ್ತೈದು ವರ್ಷದ ಅಂಥ ಬಿಲ್ಲುಗಳನ್ನು ಒಂದು ಕಡೆ ಜೋಡಿಸಿದರೆ ಅಂತರ್ಜಲ ಇಳಿದ ಚರಿತ್ರೆ ತಾನಾಗಿ ಬರೆದುಕೊಳ್ಳುತ್ತದೆ. ಜತೆಗೆ ಗ್ರಾಮನಕ್ಷೆ ಇಡಿ. ಕೆರೆ, ರಾಜಕಾಲುವೆ, ಗುಂಡುತೋಪು, ಬಂಡಿದಾರಿ, ಸ್ಮಶಾನ ಎಲ್ಲ ಅದರಲ್ಲಿ ಗೆರೆ ಗೆರೆಯಾಗಿ ಇರುತ್ತವೆ. ಮಳೆಗಾಲದಲ್ಲಿ ಯಾರ ಮನೆಗೆ ನೀರು ನುಗ್ಗಿತೋ ಅವರು ಆ ನಕ್ಷೆಯ ಮುಂದೆ ನಿಂತಾಗ ಚರಿತ್ರೆ ಹವ್ಯಾಸ ಎನ್ನುವುದು ನಿಲ್ಲುತ್ತದೆ. ಕೂಟಕ್ಕೆ ಶತ್ರುಗಳು ಹುಟ್ಟಿಕೊಳ್ಳುವುದೂ ಅಲ್ಲಿಂದಲೇ ಎನ್ನಿ.

ವಾಟ್ಸಾಪ್ ಗುಂಪು ಸಾಲದೇ ಎನ್ನುವ ಸ್ನೇಹಿತರಿದ್ದಾರೆ. ‘ನಮ್ಮೂರ ಹಳೇ ಫೋಟೋ’ ಎಂದು ಬರುವ ಚಿತ್ರಕ್ಕೆ ಊರಿರುವುದಿಲ್ಲ, ಇಸವಿ ಇರುವುದಿಲ್ಲ, ತೆಗೆದವರು ಯಾರೆಂದು ಇರುವುದಿಲ್ಲ. ನೂರು ಕೈ ದಾಟಿ ಮಸುಕಾಗಿ ಬಂದಿರುತ್ತದೆ. ಅದು ನನ್ನ ತೂಬಿನ ಪುಸ್ತಕದ ಸ್ಥಿತಿಯೇ, ವೇಗ ಮಾತ್ರ ಹೆಚ್ಚು. ಇನ್ನೊಂದು ವಾದ: ಇದೆಲ್ಲ ಪುರಾತತ್ವ ಇಲಾಖೆಯ ಕೆಲಸ. ಇಲಾಖೆ ಸಂರಕ್ಷಿತ ಸ್ಮಾರಕವನ್ನು ನೋಡಿಕೊಳ್ಳಬಹುದು, ಬೋರ್‌ವೆಲ್ ಬಿಲ್ಲು ಕೇಳಿಕೊಂಡು ಮನೆಮನೆಗೆ ಬರುತ್ತದೆಯೇ?

ಜನರ ಭಯ ಮಾತ್ರ ಹುಸಿಯಲ್ಲ. ಹಳೆಯದು ಇದೆ ಎಂದು ಬಾಯಿಬಿಟ್ಟರೆ ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂದು ತಾಮ್ರಶಾಸನವನ್ನು ಟ್ರಂಕಿನ ತಳದಲ್ಲಿ ಮುಚ್ಚಿಡುತ್ತಾರೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ 100 ವರ್ಷ ಮೀರಿದ ಶಿಲ್ಪ, ನಾಣ್ಯ, ಶಾಸನ ಪ್ರಾಚೀನ ವಸ್ತು; ಚಾರಿತ್ರಿಕ ಬೆಲೆಯ ಹಸ್ತಪ್ರತಿ, ದಾಖಲೆಗೆ 75 ವರ್ಷ ಸಾಕು. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಕೆಲವು ಬಗೆಯವನ್ನು ನೋಂದಾಯಿಸಬೇಕು, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ. ನೆಲದಲ್ಲಿ ಹೂತದ್ದು ಸಿಕ್ಕರೆ ಅದಕ್ಕೆ ನಿಧಿ ಕಾಯ್ದೆ ಬೇರೆ ಇದೆ, ತಿಳಿಸಲೇಬೇಕು. ಇದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು ಹಂಚುವುದು ಕೂಟ ಮಾಡಬಹುದಾದ ಅಗ್ಗದ, ದೊಡ್ಡ ಕೆಲಸ. ನಿಧಿಯಾಸೆಗೆ ವೀರಗಲ್ಲಿನ ಬುಡ ಅಗೆಯುವವರ ಕಾಟವಿರುವಾಗ ಯಾವ ವಸ್ತು ಯಾರ ಮನೆಯಲ್ಲಿದೆ ಎಂಬ ಪಟ್ಟಿಯನ್ನು ಎಲ್ಲರಿಗೂ ತೆರೆದಿಡಲೂ ಆಗದು. ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರಿನ ಕಥೆಯೂ ಹಾಗೇ. ಊರಿನ ಸಮಾಜ ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ, ಆದರೆ ಅದರಲ್ಲಿ ಬದುಕಿರುವವರ ಜಾತಿ, ಹುಟ್ಟಿದ ದಿನ ಎಲ್ಲ ಇವೆ. ಪುಸ್ತಕದಲ್ಲಿ ಬರೆದದ್ದನ್ನೆಲ್ಲ ಬೋರ್ಡಿನ ಮೇಲೆ ಹಾಕಬಾರದು ಎಂಬ ಶಿಸ್ತು ಕೂಟಕ್ಕೆ ಮೊದಲ ದಿನದಿಂದಲೇ ಇರಬೇಕು.

ಪ್ರೀತಿಯಿಂದಲೂ ವಸ್ತು ಹಾಳಾಗುತ್ತದೆ. ತಾತನ ಪತ್ರವನ್ನು ಲ್ಯಾಮಿನೇಷನ್ ಮಾಡಿಸಿ ತಂದು ಹೆಮ್ಮೆಯಿಂದ ತೋರಿಸುತ್ತಾರೆ. ಬಿಸಿ, ಅಂಟು, ಪ್ಲಾಸ್ಟಿಕ್ಕು ಸೇರಿ ಕಾಗದವನ್ನು ಒಳಗಿಂದಲೇ ಕೆಡಿಸುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪು ಇನ್ನೂ ಕೆಟ್ಟದ್ದು, ಹತ್ತು ವರ್ಷಕ್ಕೆ ಕಂದು ಪಟ್ಟಿಯಾಗಿ ಅಕ್ಷರವನ್ನೇ ನುಂಗುತ್ತದೆ. ಒಣಗಿದ ಜಾಗ, ಹತ್ತಿ ಬಟ್ಟೆಯ ಗಂಟು, ಓಲೆಗರಿಯಾದರೆ ನಿಂಬೆಹುಲ್ಲಿನ ಎಣ್ಣೆ. ಬಡವರ ಕೂಟಕ್ಕೆ ಇಷ್ಟು ಸಾಕು. ಫೋಟೋ ತೆಗೆದಿಡಲು ಮೊಬೈಲೇ ಸಾಕು, ಆದರೆ ಅದನ್ನೆಲ್ಲ ಒಬ್ಬರ ಗೂಗಲ್ ಡ್ರೈವಿನಲ್ಲಿ ಹಾಕಿ, ಆ ಒಬ್ಬರು ಪಾಸ್‌ವರ್ಡ್ ಮರೆತರೆ ಗುಜರಿ ತಕ್ಕಡಿಗೆ ಹಾಕಿದಂತೆಯೇ.

ಸಂಗ್ರಹಗಳು ಸಾಯುವುದು ಸಂಗ್ರಹಿಸಿದವರ ಜತೆಗೆ. ಮಕ್ಕಳು ಅಮೆರಿಕದಲ್ಲಿ, ಕಪಾಟು ಜಯನಗರದಲ್ಲಿ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಇದಕ್ಕೆ ಬೇರೆ ದಾರಿ ಕಾಣುತ್ತದೆ. ಕೆಳದಿ ಗುಂಡಾಜೋಯಿಸರ ಮನೆತನದ ಆಸಕ್ತಿಯಿಂದ 1960ರ ದಶಕದಲ್ಲಿ ಅಲ್ಲಿ ವಸ್ತುಸಂಗ್ರಹಾಲಯ, ಇತಿಹಾಸ ಸಂಶೋಧನ ಕೇಂದ್ರ ಬೆಳೆಯಿತು. ಓಲೆಗರಿ, ಕಡತ, ನಾಣ್ಯ, ಕೆಳದಿ ಅರಸರ ಕಾಲದ ಪತ್ರಗಳು. ಮುಂದೆ ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು, ಆದರೂ ಕೆಳದಿಯಲ್ಲೇ ಉಳಿಯಿತು. ವಸ್ತು ಊರು ಬಿಡಲಿಲ್ಲ, ಜವಾಬ್ದಾರಿ ಮಾತ್ರ ಒಂದು ಮನೆಯಿಂದ ದೊಡ್ಡ ಮನೆಗೆ ಹೋಯಿತು. ನಮ್ಮ ಕೂಟವನ್ನು ನೋಂದಾಯಿಸುವ ದಿನವೇ, ಇದು ನಿಂತುಹೋದರೆ ಎಲ್ಲ ಎಲ್ಲಿಗೆ ಹೋಗಬೇಕು ಎಂದು ಬೈಲಾದಲ್ಲಿ ಒಂದು ಸಂಸ್ಥೆಯ ಹೆಸರು ಬರೆಯಬೇಕು. ಮದುವೆಯ ದಿನ ಉಯಿಲಿನ ಮಾತೇ ಎಂದು ಕೆಲವರಿಗೆ ಅನ್ನಿಸೀತು, ಅನ್ನಿಸಲಿ.

ಕೂಟ ಇನ್ನೂ ಇಲ್ಲ. ಮೂರು ಜನ ಸೇರುತ್ತೇವೆ, ಭಾನುವಾರ, ಒಬ್ಬರ ಮನೆಯ ಕಾರ್ ಷೆಡ್ಡಿನಲ್ಲಿ. ಪುಸ್ತಕ ಮಾತ್ರ ತಂದಿದ್ದೇವೆ, 200 ಪುಟದ್ದು, ರೂಲು ನಾವೇ ಹಾಕಿದ್ದು. ಒಂದನೇ ನಂಬರಿಗೆ ನನ್ನ ತೂಬಿನ ಲೆಕ್ಕವೇ ಬರಲಿ ಎಂದರು. ವಸ್ತು: ಕೈಬರಹದ ಲೆಕ್ಕದ ಪುಸ್ತಕ, ಪೆನ್ಸಿಲ್ಲು, ಮೂಲೆ ಗೆದ್ದಲು. ವಿಷಯ: ಕೆರೆಯ ತೂಬು, ರಾಗಿ ಭತ್ತದ ಅಳತೆ. ಯಾವ ಕೆರೆ: ಆ ಕಲಮಿನಲ್ಲಿ ಒಂದು ಅಡ್ಡಗೆರೆ. ಯಾರ ಮನೆ: ಸ್ಟೇಷನ್ ಕಡೆಯ ಹೆಂಚಿನ ಮನೆ, ಕೆಡವಿದೆ. ಯಾರಿಂದ ಬಂತು ಎಂಬ ಕಲಮಿಗೆ ಬಂದಾಗ ನಾನು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಆಮೇಲೆ ಇದ್ದದ್ದನ್ನೇ ಬರೆದೆ: ಗುಜರಿಯವನಿಂದ, ತೂಕಕ್ಕೆ.